ಮೂರು ಸಲ ಅನಾರ್ಕಲಿ: ಮೂಕಿ ಕಾಲದ ಸುಲೋಚನಾ

ಅನಾರ್ಕಲಿಯ ಕಥೆ ನಮಗೆಲ್ಲ ಗೊತ್ತು. ಅಕ್ಬರನ ಮಗ ಸಲೀಂ ಅರಮನೆಯ ನರ್ತಕಿಯನ್ನು ಪ್ರೀತಿಸುತ್ತಾನೆ. ಅಪ್ಪ ಕೆಂಡವಾಗುತ್ತಾನೆ. ಕೊನೆಗೆ ಹುಡುಗಿಯನ್ನು ಗೋಡೆಯೊಳಗೆ ನಿಲ್ಲಿಸಿ ಇಟ್ಟಿಗೆ ಕಟ್ಟುತ್ತಾರೆ. ಮುಂಬೈ ಚಿತ್ರರಂಗ ಈ ಕಥೆಯನ್ನು ಮತ್ತೆ ಮತ್ತೆ ತೆಗೆದಿದೆ. ಅವುಗಳಲ್ಲಿ ಮೂರು ಚಿತ್ರಗಳಲ್ಲಿ ಒಬ್ಬರೇ ನಟಿ ಇದ್ದಾರೆ. 1928ರಲ್ಲಿ ಅವರು ಅನಾರ್ಕಲಿ, ಆದರೆ ಮಾತಿಲ್ಲ. 1935ರಲ್ಲಿ ಮತ್ತೆ ಅವರೇ ಅನಾರ್ಕಲಿ, ಈ ಸಲ ಮಾತೂ ಇದೆ. 1953ರಲ್ಲಿ ಅನಾರ್ಕಲಿ ಬೀನಾ ರಾಯ್. ನಮ್ಮ ನಟಿ ಈ ಸಲ ಸಲೀಮನ ತಾಯಿ.

ಆ ನಟಿಯ ಹೆಸರು ಸುಲೋಚನಾ. ನಿಜವಾದ ಹೆಸರು ರೂಬಿ ಮೈಯರ್ಸ್. 1920ರ ದಶಕದ ಕೊನೆಯಲ್ಲಿ ಮುಂಬೈಯ ಅತಿ ದೊಡ್ಡ ತಾರೆ ಯಾರು ಅಂತ ಕೇಳಿದ್ದರೆ ಜನ ಮೊದಲು ಹೇಳುತ್ತಿದ್ದದ್ದು ಇವರ ಹೆಸರನ್ನೇ. ತಮಾಷೆ ಏನೆಂದರೆ ಆಗ ಅವರಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಭಾಷೆಯೇ ಬಾರದವರು ಇಡೀ ದೇಶದ ನಾಯಕಿ ಆದದ್ದು ಹೇಗೆ? ಆಮೇಲೆ ಸಿನಿಮಾಕ್ಕೆ ಬಾಯಿ ಬಂದಾಗ ಅವರ ಗತಿ ಏನಾಯಿತು? ಮೂಕಿ ಚಿತ್ರ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ಗೊತ್ತಾದರೆ ಈ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಕನ್ನಡದವರಿಗೆ ಸುಲೋಚನಾ ಅಂದ ಕೂಡಲೇ 1934ರ 'ಸತಿ ಸುಲೋಚನಾ' ನೆನಪಾಗುತ್ತದೆ. ಅದು ನಮ್ಮ ಮೊದಲ ವಾಕ್ಚಿತ್ರ, ಇಂದ್ರಜಿತುವಿನ ಹೆಂಡತಿಯ ಕಥೆ. ಅದರ ನಾಯಕಿ ತ್ರಿಪುರಾಂಬ. ಈ ನಟಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಹಿಂದಿ ಚಿತ್ರಗಳಲ್ಲಿ ಎಷ್ಟೋ ನಾಯಕರಿಗೆ ಅಮ್ಮನಾಗಿದ್ದ ಸುಲೋಚನಾ ಲಾಟ್ಕರ್ ಬೇರೆ. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಖಡಕಲಾಟದಲ್ಲಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಬ್ಬರ ಚಿತ್ರಪಟ್ಟಿಯೂ ಒಂದಕ್ಕೊಂದು ಕಲಸಿ ಹೋಗಿರುತ್ತದೆ. ಹುಷಾರು.

ರೂಬಿ ಹುಟ್ಟಿದ್ದು 1907ರಲ್ಲಿ, ಪುಣೆಯಲ್ಲಿ. ಬಾಗ್ದಾದಿ ಯಹೂದಿ ಮನೆತನ. 19ನೇ ಶತಮಾನದಲ್ಲಿ ಇರಾಕ್ ಕಡೆಯಿಂದ ವ್ಯಾಪಾರಕ್ಕೆ ಬಂದು ಮುಂಬೈ, ಪುಣೆ, ಕೋಲ್ಕತ್ತಾಗಳಲ್ಲಿ ನೆಲೆಸಿದ ಜನ ಇವರು. ಪುಣೆಯ ಸಸೂನ್ ಆಸ್ಪತ್ರೆ, ಅಲ್ಲಿನವರು 'ಲಾಲ್ ದೇವಳ್' ಅಂತ ಕರೆಯುವ ಕೆಂಪು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಎರಡೂ ಆ ಸಮುದಾಯದ ದೊಡ್ಡ ಕುಳ ಡೇವಿಡ್ ಸಸೂನರ ಹೆಸರಿನ ಜೊತೆ ಬೆಸೆದುಕೊಂಡಿವೆ. ಎಲ್ಲರೂ ಸಸೂನರಷ್ಟು ಸಿರಿವಂತರೇನಲ್ಲ. ರೂಬಿ ಕೆಲಸಕ್ಕೆ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಯಾರೋ ಫೋನ್ ಎತ್ತಿದರೆ, ಬೋರ್ಡಿನ ಮುಂದೆ ಕೂತವಳು ತಂತಿ ಸಿಕ್ಕಿಸಿ ಇನ್ನೊಬ್ಬರಿಗೆ ಜೋಡಿಸಬೇಕು. ಬರೀ ದನಿಯಿಂದ ನಡೆಯುವ ಕೆಲಸ. ಅಲ್ಲಿಂದ ದನಿಯೇ ಬೇಡವಾದ ಕೆಲಸಕ್ಕೆ ಹೋದರು ನೋಡಿ!

ಅವರನ್ನು ಸಿನಿಮಾಕ್ಕೆ ಕರೆದವರು ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ. ರೂಬಿ ಮೊದಲು ಒಲ್ಲೆ ಅಂದರು. ಆಗ ಸಿನಿಮಾದಲ್ಲಿ ನಟಿಸುವುದು ಮರ್ಯಾದಸ್ಥ ಹೆಣ್ಣುಮಕ್ಕಳ ಕೆಲಸ ಅಲ್ಲ ಎಂಬ ಮಾತು ಗಟ್ಟಿಯಾಗಿತ್ತು. ಭವನಾನಿ ಬಿಡಲಿಲ್ಲ, ಕೊನೆಗೆ ಒಪ್ಪಿದರು. ನಟನೆಯ ಗಂಧಗಾಳಿ ಇರಲಿಲ್ಲ. ಅದು 1925ರ ಸುಮಾರು.

ಆ ಹಿಂಜರಿಕೆ ಎಷ್ಟು ದೊಡ್ಡದಿತ್ತು ಅಂತ ತಿಳಿಯಲು ಹನ್ನೆರಡು ವರ್ಷ ಹಿಂದೆ ಹೋಗಬೇಕು. ದಾದಾಸಾಹೇಬ್ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರೇ ಸಿಗಲಿಲ್ಲ. ಎಲ್ಲೆಲ್ಲೋ ಹುಡುಕಿ, ಕಡೆಗೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಇದೇ ಸಾಳುಂಕೆ 1917ರ 'ಲಂಕಾ ದಹನ'ದಲ್ಲಿ ರಾಮನೂ ಆದ, ಸೀತೆಯೂ ಆದ. ನಡುವೆ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಫಾಲ್ಕೆಯವರ 'ಮೋಹಿನಿ ಭಸ್ಮಾಸುರ'ದಲ್ಲಿ ಕ್ಯಾಮೆರಾ ಮುಂದೆ ನಿಂತರು ನಿಜ. ಆದರೆ ಅವರ ಹಿಂದೆ ದೊಡ್ಡ ಸಾಲೇನೂ ಬರಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದವರಲ್ಲಿ ಆಂಗ್ಲೋ ಇಂಡಿಯನ್ ಮತ್ತು ಯಹೂದಿ ಹುಡುಗಿಯರು ಬಹಳ. ಕಾರಣ ಸರಳ. ಅವರ ಮನೆಗಳಲ್ಲಿ ಹೆಣ್ಣುಮಕ್ಕಳು ಹೊರಗೆ ದುಡಿಯುವುದು ಆಗಲೇ ರೂಢಿಯಾಗಿತ್ತು. ಟೈಪಿಸ್ಟ್, ನರ್ಸ್, ಟೆಲಿಫೋನ್ ಹುಡುಗಿ, ಅಂಗಡಿಯ ಮಾರಾಟಗಾರ್ತಿ. ಗಂಡಸರ ನಡುವೆ ನಿಂತು ಕೆಲಸ ಮಾಡಿದರೆ ಜಾತಿಯಿಂದ ಹೊರಹಾಕುವವರು ಯಾರೂ ಇರಲಿಲ್ಲ. ಕೆಲವರು ಆಗಲೇ ನಾಟಕ ಕಂಪನಿಗಳಲ್ಲಿ ಕುಣಿಯುತ್ತಿದ್ದರು. ಕೋಲ್ಕತ್ತಾದ ಪೇಷನ್ಸ್ ಕೂಪರ್ ಬಂದದ್ದು ಆ ದಾರಿಯಿಂದ.

ಹೆಸರು ಮಾತ್ರ ಬದಲಾಗಬೇಕಿತ್ತು. ರೆನೀ ಸ್ಮಿತ್ ಹೋಗಿ ಸೀತಾ ದೇವಿ ಆದರು. ಎಫಿ ಹಿಪೊಲೆಟ್ ಹೋಗಿ ಇಂದಿರಾ ದೇವಿ. ರೂಬಿ ಮೈಯರ್ಸ್ ಹೋಗಿ ಸುಲೋಚನಾ, ಅಂದರೆ ಚೆಂದದ ಕಣ್ಣಿನವಳು. ಪುರಾಣದ ಹೆಸರು ಇಟ್ಟರೆ ಪ್ರೇಕ್ಷಕ ಒಪ್ಪುತ್ತಾನೆ ಅನ್ನುವುದು ಲೆಕ್ಕ. ಇದರಲ್ಲಿ ಒಂದು ಕಪಟ ಇದೆ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮನೆಯ ಹುಡುಗಿ ತೆರೆ ಮೇಲೆ ಬರಬಾರದು, ಬೇರೆಯವರ ಮನೆಯ ಹುಡುಗಿ ನಮ್ಮ ಹೆಸರು ಇಟ್ಟುಕೊಂಡು ಬರಬಹುದು!

ಈಗ ಭಾಷೆಯ ಪ್ರಶ್ನೆಗೆ ಬರೋಣ. ಮೂಕಿ ಅಂದರೆ ಪೂರ್ತಿ ಮೌನ ಅಂದುಕೊಳ್ಳಬೇಡಿ. ಚಿತ್ರಮಂದಿರದಲ್ಲಿ ಗದ್ದಲವೋ ಗದ್ದಲ. ತೆರೆಯ ಹತ್ತಿರ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಕೂತವರು ದೃಶ್ಯಕ್ಕೆ ತಕ್ಕಂತೆ ನುಡಿಸುತ್ತಿದ್ದರು. ಮಾತು ಬೇಕಾದ ಕಡೆ ಚಿತ್ರವನ್ನು ನಿಲ್ಲಿಸಿ ಬರಹದ ಫಲಕ ತೋರಿಸುತ್ತಿದ್ದರು. ಮುಂಬೈಯ ಚಿತ್ರಗಳಲ್ಲಿ ಒಂದೇ ಫಲಕದ ಮೇಲೆ ಇಂಗ್ಲಿಷ್, ಹಿಂದಿ, ಗುಜರಾತಿ, ಉರ್ದು ಹೀಗೆ ಮೂರ್ನಾಲ್ಕು ಲಿಪಿ ಇರುವುದುಂಟು. ಓದು ಬಾರದವರಿಗಾಗಿ ಒಬ್ಬ ಜೋರಾಗಿ ಓದಿ ಹೇಳುತ್ತಿದ್ದ. ಅವನು ಬರೀ ಓದಿ ಸುಮ್ನೆ ಇರುವ ಆಸಾಮಿ ಅಲ್ಲ, ತನ್ನದೂ ಒಂದಷ್ಟು ಮಸಾಲೆ ಸೇರಿಸುತ್ತಿದ್ದ.

ಹಾಗಾಗಿ ನಟಿಯ ತುಟಿ ಅಲ್ಲಾಡಿದರೆ ಸಾಕಿತ್ತು. ಅವಳು ಇಂಗ್ಲಿಷಿನಲ್ಲಿ ಏನಾದರೂ ಹೇಳಲಿ, ಒಂದು ಎರಡು ಮೂರು ಅಂತ ಎಣಿಸಲಿ, ಪ್ರೇಕ್ಷಕನಿಗೆ ಕೇಳಿಸುತ್ತಿದ್ದದ್ದು ಅವನ ಭಾಷೆ. ಲಾಹೋರಿನಲ್ಲಿ ಅದು ಉರ್ದು, ಸೂರತ್ತಿನಲ್ಲಿ ಗುಜರಾತಿ, ನಮ್ಮ ಕಡೆಯ ಟೆಂಟಿನಲ್ಲಿ ಕನ್ನಡ. ಇಂದು 'ಪ್ಯಾನ್ ಇಂಡಿಯಾ' ಅಂತ ಡಬ್ಬಿಂಗಿಗೆ ದುಡ್ಡು ಸುರಿಯುತ್ತಾರಲ್ಲ, ಅದು ಆಗ ಪುಕ್ಕಟೆಯಾಗಿ ಆಗುತ್ತಿತ್ತು.

ಇನ್ನೊಂದು ವಿಷಯ ಫಿಲ್ಮಿನ ರಸಾಯನಕ್ಕೆ ಸೇರಿದ್ದು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ನೀಲಿ, ಹಸಿರು ಬಣ್ಣ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಕೆಂಪು ಇರುವುದೆಲ್ಲ ತೆರೆಯ ಮೇಲೆ ಕಪ್ಪಾಗುತ್ತಿತ್ತು. ಕೆಂಪು ತುಟಿ ಹಚ್ಚಿದರೆ ಕರಿ ತುಟಿ. ನಮ್ಮ ಗೋಧಿ ಬಣ್ಣದ ಚರ್ಮದಲ್ಲಿ ಕೆಂಪಿನ ಅಂಶ ಇರುತ್ತದೆ, ಹಾಗಾಗಿ ಮುಖ ಇರುವುದಕ್ಕಿಂತ ಮಂಕಾಗಿ ಮೂಡುತ್ತಿತ್ತು. ಅದಕ್ಕೇ ಮುಖಕ್ಕೆ ಸುಣ್ಣ ಬಳಿದಂತೆ ಮೇಕಪ್ಪು. ಬಿಳಿ ಚರ್ಮದ ಹುಡುಗಿಯರಿಗೆ ಇಲ್ಲಿ ಒಂದು ಕೈ ಮೇಲು. ಬಿಳಿ ಬಣ್ಣದ ಮೇಲೆ ನಮ್ಮವರಿಗೆ ಮೊದಲೇ ಇದ್ದ ಮೋಹವೂ ಜೊತೆಗೆ ಸೇರಿತು. ಎಲ್ಲ ತಪ್ಪನ್ನೂ ಫಿಲ್ಮಿನ ರೀಲಿನ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಸರಿ, ಸುಲೋಚನಾ ಏನು ಮಾಡಿದರು? ಪುರಾಣದ ದೇವಿಯರಿಗಿಂತ ಜಾಸ್ತಿ ಅವರಿಗೆ ಒಗ್ಗಿದ್ದು ಪೇಟೆಯ ಹುಡುಗಿಯ ಪಾತ್ರ. 1926ರಲ್ಲಿ 'ಟೈಪಿಸ್ಟ್ ಗರ್ಲ್' ಮತ್ತು 'ಟೆಲಿಫೋನ್ ಗರ್ಲ್' ಬಂದವು. ನಿನ್ನೆ ಮೊನ್ನೆ ತಾನೇ ಮಾಡುತ್ತಿದ್ದ ಕೆಲಸವನ್ನೇ ತೆರೆಯ ಮೇಲೆ ಮಾಡಿ ತೋರಿಸಿದರು, ಸಂಬಳ ಮಾತ್ರ ಎಷ್ಟೋ ಪಟ್ಟು. ಆಮೇಲೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಹೋದರು. 1929ರಲ್ಲಿ 'ಇಂದಿರಾ ಬಿ.ಎ.' ಬಂತು. ಹೆಣ್ಣುಮಗಳು ಡಿಗ್ರಿ ಪಡೆಯುವುದೇ ಸುದ್ದಿಯಾಗಿದ್ದ ಕಾಲದಲ್ಲಿ ಡಿಗ್ರಿಯನ್ನೇ ಸಿನಿಮಾದ ಹೆಸರಿಗೆ ಅಂಟಿಸಿದ್ದರು.

ಎಲ್ಲದಕ್ಕಿಂತ ಮಜವಾದದ್ದು 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'. ಅದರಲ್ಲಿ ಸುಲೋಚನಾ ಎಂಟು ವೇಷ ಹಾಕಿದರು. ತೋಟದ ಮಾಲಿ, ಪೊಲೀಸ್, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರುವವರು, ಹೊಂಬಣ್ಣದ ಕೂದಲಿನ ಯುರೋಪಿಯನ್ ಹೆಣ್ಣು, ಹೀಗೆ. ಹದಿನಾಲ್ಕು ವರ್ಷ ಹಿಂದೆ ಗಂಡಸು ಹೆಣ್ಣಿನ ವೇಷ ಹಾಕಬೇಕಿದ್ದ ತೆರೆಯ ಮೇಲೆ, ಈಗ ಒಬ್ಬ ಹೆಂಗಸು ಪೊಲೀಸನ ಮೀಸೆ ಅಂಟಿಸಿಕೊಂಡು ಓಡಾಡಿದಳು. ಇಷ್ಟೆಲ್ಲ ವೇಷ ಮೂಕಿಯಲ್ಲೇ ಸಾಧ್ಯ. ಮಾಲಿಗೂ ಸಾಹೇಬನಿಗೂ ಬೇರೆ ಬೇರೆ ದನಿ ಬೇಕಿಲ್ಲವಲ್ಲ. ನಡಿಗೆ, ಭುಜ, ಕಣ್ಣು ಇಷ್ಟರಲ್ಲೇ ಆಟ.

1928ರ 'ಅನಾರ್ಕಲಿ'ಯದು ಪೈಪೋಟಿಯ ಕಥೆ. ಇನ್ನೊಂದು ಕಂಪನಿ ಇದೇ ಕಥೆಯನ್ನು ದೊಡ್ಡ ಮಟ್ಟದಲ್ಲಿ ತೆಗೆಯುತ್ತಿತ್ತು, ಅದಕ್ಕೆ ನಾಯಕಿ ಸೀತಾ ದೇವಿ. ಇಂಪೀರಿಯಲ್‌ನವರು ತರಾತುರಿಯಲ್ಲಿ ತಮ್ಮದೊಂದು ಅನಾರ್ಕಲಿಯನ್ನು ತೆಗೆದು ಮೊದಲೇ ಬಿಡುಗಡೆ ಮಾಡಿಬಿಟ್ಟರು. ನಿರ್ದೇಶಕ ಆರ್.ಎಸ್. ಚೌಧರಿ. ಗೆದ್ದದ್ದು ಸುಲೋಚನಾ. ಯೋಚಿಸಿ ನೋಡಿ, ಮೊಗಲರ ಅಂತಃಪುರದ ಹುಡುಗಿ ಯಾರಾಗಬೇಕು ಅಂತ ರೆನೀ ಸ್ಮಿತ್‌ಗೂ ರೂಬಿ ಮೈಯರ್ಸ್‌ಗೂ ಜಗಳ.

ಅವರ ಹೆಸರು ಎಷ್ಟರ ಮಟ್ಟಿಗೆ ಓಡುತ್ತಿತ್ತು ಅನ್ನುವುದಕ್ಕೆ ಒಂದು ಪ್ರಸಂಗ ಇದೆ. ಮಹಾತ್ಮ ಗಾಂಧಿ ಖಾದಿ ಪ್ರದರ್ಶನ ಉದ್ಘಾಟಿಸಿದ್ದನ್ನು ಚಿತ್ರೀಕರಿಸಿ ಒಂದು ಪುಟ್ಟ ಸುದ್ದಿಚಿತ್ರ ಮಾಡಿದ್ದರು. ಅದರ ಜೊತೆಗೆ ಸುಲೋಚನಾ 'ಮಾಧುರಿ'ಯಲ್ಲಿ ಮಾಡಿದ್ದ ಕುಣಿತವನ್ನೂ ಸೇರಿಸಿ, ಶಬ್ದದ ಪರಿಣಾಮ ಕೊಟ್ಟು ತೋರಿಸಿದರು. ಗಾಂಧೀಜಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೇ. ಅವರಿಗೆ ಈ ಜೋಡಿ ಗೊತ್ತಿತ್ತೋ ಇಲ್ಲವೋ!

ಸಂಬಳದ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ಸುಲೋಚನಾಗೆ ತಿಂಗಳಿಗೆ 5000 ರೂಪಾಯಿ, ಅದು ಬಾಂಬೆ ಗವರ್ನರ್‌ನ ಸಂಬಳಕ್ಕಿಂತ ಜಾಸ್ತಿ ಅಂತ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಕೂಡುವುದಿಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಬಾಂಬೆ ಗವರ್ನರ್ ಸಂಬಳ ವರ್ಷಕ್ಕೆ 1,20,000 ರೂಪಾಯಿ ಅಂತ ಬರೆದಿದೆ. ತಿಂಗಳಿಗೆ 10,000 ಆಯಿತು. ಅಂದರೆ ಗವರ್ನರ್‌ನ ಅರ್ಧ. ಅರ್ಧ ಅಂದರೂ ಸಣ್ಣ ಮೊತ್ತವೇ? ಬ್ರಿಟಿಷ್ ಲಾಟ್ ಸಾಹೇಬನ ಅರ್ಧ ಸಂಬಳ ಒಬ್ಬ ಮಾಜಿ ಟೆಲಿಫೋನ್ ಹುಡುಗಿಗೆ! ಜನ ಅದನ್ನು ಹಿಗ್ಗಿಸಿ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಷೆವ್ರೊಲೆ ಕಾರಿನಲ್ಲಿ ಅವರು ಓಡಾಡಿದ್ದೂ ಆಗಿನ ಜನಕ್ಕೆ ದೊಡ್ಡ ಸುದ್ದಿ.

ಭವನಾನಿಯವರ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಅವರು 1930ರ ಆಸುಪಾಸಿನಲ್ಲಿ ಮೈಸೂರು ಸೀಮೆಗೆ ಬಂದು, ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 'ವಸಂತಸೇನಾ' ಎಂಬ ಮೂಕಿ ಚಿತ್ರ ತೆಗೆದರು. ಅದರಲ್ಲಿ ಏಣಾಕ್ಷಿ ರಾಮರಾವ್, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಟಿ.ಪಿ. ಕೈಲಾಸಂ ಇದ್ದರು. ಕಮಲಾದೇವಿ ಆಗಲೇ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತಿದ್ದವರು, ಓದಿದ ದೊಡ್ಡ ಮನೆತನದ ಹೆಂಗಸು. ಅಂಥವರು ತೆರೆಯ ಮೇಲೆ ಬಂದರು ಅಂದರೆ ಗಾಳಿ ಬೀಸುವ ದಿಕ್ಕು ಬದಲಾಗುತ್ತಿತ್ತು. 'ಬೇರೆಯವರ ಮನೆಯ ಹುಡುಗಿಯರೇ' ಬೇಕು ಎಂಬ ಕಾಲ ಮುಗಿಯುವ ಸೂಚನೆ ಅದು.

ಅಷ್ಟರಲ್ಲಿ ಮೈಕು ಬಂತು. 1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ಬಿಡುಗಡೆಯಾಯಿತು. ಭಾರತದ ಮೊದಲ ಟಾಕಿ. ತೆಗೆದವರು ಇದೇ ಅರ್ದೇಶಿರ್ ಇರಾನಿ, ಕಂಪನಿ ಇದೇ ಇಂಪೀರಿಯಲ್. ಕಂಪನಿಯ ಅತಿ ದೊಡ್ಡ ತಾರೆ ಸುಲೋಚನಾ. ಆದರೆ ನಾಯಕಿಯಾದದ್ದು ಜುಬೇದಾ, ನಟಿ ಮತ್ತು ನಿರ್ದೇಶಕಿ ಫಾತ್ಮಾ ಬೇಗಂ ಅವರ ಮಗಳು. ಉರ್ದು ನಾಲಿಗೆಯ ಮೇಲೆ ಇದ್ದವರು.

ಶಬ್ದ ಬಂದ ಮೇಲೆ ಕೆಲಸದ ರೀತಿಯೇ ತಲೆಕೆಳಗಾಯಿತು. ಮೂಕಿಯಲ್ಲಿ ಕ್ಯಾಮೆರಾಮನ್ ಹಿಡಿ ತಿರುಗಿಸುತ್ತಿದ್ದರೆ ನಿರ್ದೇಶಕ ಪಕ್ಕದಲ್ಲೇ ನಿಂತು ಕೂಗುತ್ತಿದ್ದ: ಎಡಕ್ಕೆ ನೋಡು, ಈಗ ಅಳು, ಈಗ ಓಡು. ಈಗ ಅವನ ಬಾಯಿಯೂ ಬಂದ್. ಕೈಯಲ್ಲಿ ತಿರುಗಿಸಿದರೆ ವೇಗ ಏರುಪೇರಾಗಿ ದನಿ ಎಳೆದುಹೋಗುತ್ತದೆ. ಹಾಗಾಗಿ ಸೆಕೆಂಡಿಗೆ ಸರಿಯಾಗಿ 24 ಚೌಕಟ್ಟು ಓಡಿಸುವ ಮೋಟಾರು ಬೇಕಾಯಿತು. ಇಂಪೀರಿಯಲ್ ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲಿನ ಸದ್ದು ತಪ್ಪಿಸಲು 'ಆಲಂ ಆರಾ'ವನ್ನು ಬಹುಮಟ್ಟಿಗೆ ನಡುರಾತ್ರಿಯ ಮೇಲೆ ಚಿತ್ರೀಕರಿಸಿದರು. ಮೈಕುಗಳನ್ನು ನಟರ ಹತ್ತಿರ ಎಲ್ಲಾದರೂ ಅಡಗಿಸಿಡಬೇಕು. ಮೈಕಿನಿಂದ ದೂರ ಹೋದರೆ ಮಾತು ಕೇಳುವುದಿಲ್ಲ. ಓಡಿ, ಹಾರಿ, ಕುಣಿದು ಅಭ್ಯಾಸವಿದ್ದವರು ಈಗ ಗುರುತು ಹಾಕಿದ ಕಡೆ ನಿಂತು ಮಾತಾಡಬೇಕು.

ಈ ಕಷ್ಟ ಬರೀ ಹೆಂಗಸರದ್ದಾಗಿರಲಿಲ್ಲ. 'ಆಲಂ ಆರಾ'ದ ನಾಯಕ ಮಾಸ್ಟರ್ ವಿಠ್ಠಲ್, ಸ್ಟಂಟ್ ಚಿತ್ರಗಳ ಹೀರೋ. ಅವರ ಭಾಷೆ ಮೈಕಿಗೆ ಒಗ್ಗಲಿಲ್ಲ. ಹಾಗಾಗಿ ಅವರ ಪಾತ್ರವನ್ನು ಎಷ್ಟೋ ಹೊತ್ತು ಅರೆಪ್ರಜ್ಞೆಯಲ್ಲಿ ಮಲಗಿಸಿದರು. ನಾಯಕನಿಗೆ ಆ ಅನುಕೂಲ ಮಾಡಿಕೊಟ್ಟರು ಅನ್ನುವುದನ್ನು ಗಮನಿಸಿ.

ಇಲ್ಲಿ ಸಾಮಾನ್ಯವಾಗಿ ಹೇಳುವ ಕಥೆ ಹೀಗೆ: ಟಾಕಿ ಬಂತು, ಮೂಕಿ ತಾರೆಯರು ಮುಳುಗಿದರು. ಸುಲೋಚನಾ ವಿಷಯದಲ್ಲಿ ಇದು ಅರ್ಧ ನಿಜ. ಅವರು ಸುಮಾರು ಒಂದು ವರ್ಷ ಕೆಲಸ ಬಿಟ್ಟು ಕೂತು ಹಿಂದೂಸ್ತಾನಿ ಕಲಿತರು. ದೇಶದ ಅತಿ ದೊಡ್ಡ ತಾರೆ ಇಪ್ಪತ್ತೈದರ ವಯಸ್ಸಿನಲ್ಲಿ ಮತ್ತೆ ಅ, ಆ, ಇ, ಈ. ಆಮೇಲೆ ತಮ್ಮದೇ ಹಳೆಯ ಗೆಲುವುಗಳನ್ನು ಒಂದೊಂದಾಗಿ ಮಾತಿನ ಜೊತೆ ಮತ್ತೆ ತೆಗೆದರು. 1932ರಲ್ಲಿ 'ಮಾಧುರಿ'. 'ಇಂದಿರಾ ಬಿ.ಎ.' 1934ರಲ್ಲಿ 'ಇಂದಿರಾ ಎಂ.ಎ.' ಆಗಿ ಬಂದಳು, ಭಡ್ತಿ ಸಿಕ್ಕಿತ್ತು. 1935ರಲ್ಲಿ 'ಅನಾರ್ಕಲಿ'. 1936ರಲ್ಲಿ 'ವೈಲ್ಡ್‌ಕ್ಯಾಟ್' ಹೋಗಿ 'ಬಂಬಯಿ ಕೀ ಬಿಲ್ಲಿ'. ಜೊತೆಗೆ ಹಳೆಯ ಜೋಡಿ ದಿನ್ಶಾ ಬಿಲಿಮೋರಿಯಾ. ಚಿತ್ರಗಳು ಓಡಿದವು. 'ರೂಬಿ ಪಿಕ್ಸ್' ಅಂತ ಸ್ವಂತ ಕಂಪನಿಯನ್ನೂ ಶುರು ಮಾಡಿದರು. ಮುಳುಗಿದವರು ಕಂಪನಿ ಕಟ್ಟುತ್ತಾರೆಯೇ?

ನನಗೆ ಕಾಣುವಂತೆ ಅವರಿಗೆ ತೊಡಕಾದದ್ದು ಮಾತಿಗಿಂತ ಜಾಸ್ತಿ ಹಾಡು. ಹಿನ್ನೆಲೆ ಗಾಯನ ನಮ್ಮಲ್ಲಿ ಶುರುವಾದದ್ದೇ 1935ರ ಹೊತ್ತಿಗೆ. ಅಲ್ಲಿಯವರೆಗೆ ತೆರೆಯ ಮೇಲೆ ಇರುವವರೇ ಹಾಡಬೇಕಿತ್ತು. ಟಾಕಿ ಬಂದ ಕೂಡಲೇ ಪ್ರೇಕ್ಷಕ ಕೇಳಿದ್ದು ಹಾಡನ್ನೇ, 'ಆಲಂ ಆರಾ'ದಲ್ಲೇ ಏಳು ಹಾಡು. ಆಡುವ ಮಾತನ್ನು ವರ್ಷದಲ್ಲಿ ಕಲಿಯಬಹುದು. ಸಂಗೀತ ಹಾಗಲ್ಲ. ಚಿಕ್ಕಂದಿನಿಂದ ಹಾಡಿ ಪಳಗಿದ ಹುಡುಗಿಯರು, ನಾಟಕ ಕಂಪನಿಯಿಂದ ಬಂದವರು ಮುಂದಕ್ಕೆ ಬಂದರು. 'ಒಳ್ಳೆಯ ಮನೆತನದ' ಓದಿದ ಹೆಂಗಸರೂ ಬಂದರು. ಮೂವತ್ತು ದಾಟಿದ ನಾಯಕಿಯನ್ನು ನಮ್ಮ ಚಿತ್ರರಂಗ ಯಾವ ಕಾಲದಲ್ಲಿ ಇಟ್ಟುಕೊಂಡಿದೆ ಹೇಳಿ? ಇಂಪೀರಿಯಲ್ ಕಂಪನಿಯೇ 1938ರಲ್ಲಿ ಬಾಗಿಲು ಹಾಕಿತು. ಬಿಲಿಮೋರಿಯಾ ಜೊತೆಗಿನ ಜೋಡಿಯೂ ಆ ಹೊತ್ತಿಗೆ ಮುರಿಯಿತು.

ಆಮೇಲಿನದ್ದು ಸಣ್ಣ ಪಾತ್ರಗಳ ಕಾಲ. 1947ರಲ್ಲಿ ದಿಲೀಪ್ ಕುಮಾರ್, ನೂರ್ ಜಹಾನ್ ನಟಿಸಿದ 'ಜುಗ್ನು'ವಿನಲ್ಲಿ ಸುಲೋಚನಾ ಇದ್ದರು. ಆಗ ಬಾಂಬೆ ಪ್ರಾಂತ್ಯದ ಗೃಹಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿ ಆ ಚಿತ್ರವನ್ನು ನಿಷೇಧಿಸಿದರು. ವಯಸ್ಸಾದ ಪ್ರೊಫೆಸರ್ ಒಬ್ಬ ಸುಲೋಚನಾ ಪಾತ್ರಕ್ಕೆ ಮನಸೋಲುವುದು ಅದಕ್ಕೆ ಒಂದು ಕಾರಣ ಅಂತ ಹೇಳುತ್ತಾರೆ. ನಲವತ್ತರ ಹೆಂಗಸಿಗೂ ಪ್ರೀತಿ ಬರಬಹುದು ಅನ್ನುವುದು ಆಗ ಕಾನೂನು ಸುವ್ಯವಸ್ಥೆಯ ಪ್ರಶ್ನೆ ಆಗಿತ್ತು ನೋಡಿ.

1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ನಮಗೆ ಆ ಪ್ರಶಸ್ತಿ ಅಂದರೆ 1995ರ ಡಾ. ರಾಜ್‌ಕುಮಾರ್. ಅದನ್ನು ಪಡೆದ ಮೊದಲ ಹೆಂಗಸು ದೇವಿಕಾ ರಾಣಿ, ಕೊನೆಗಾಲವನ್ನು ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ಕಳೆದವರು. ಎರಡನೆಯವರು ಸುಲೋಚನಾ. ತಾರಾಮತಿಗೆ ಹೆಂಗಸು ಸಿಗದೆ ಅಡುಗೆಯ ಹುಡುಗನಿಗೆ ಸೀರೆ ಉಡಿಸಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ, ಸರಿಯಾಗಿ ಅರವತ್ತು ವರ್ಷದ ಮೇಲೆ. ಹತ್ತು ವರ್ಷ ಕಳೆದು, 1983ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಅವರು ತೀರಿಕೊಂಡರು.

ಅವರ ಮೂಕಿ ಚಿತ್ರ ಒಂದಾದರೂ ನೋಡೋಣ ಅಂದರೆ ಕಷ್ಟ. ಭಾರತದಲ್ಲಿ ಸುಮಾರು 1300 ಮೂಕಿ ಚಿತ್ರ ತಯಾರಾದವು. ಇಂದು ಉಳಿದಿರುವುದು ಮೂವತ್ತರ ಆಸುಪಾಸು, ಅದರಲ್ಲೂ ಎಷ್ಟೋ ಬರೀ ತುಣುಕು. ಆಗಿನ ಫಿಲ್ಮು ನೈಟ್ರೇಟಿನದು. ಬೆಂಕಿ ಹತ್ತಿದರೆ ನೀರು ಸುರಿದರೂ ಆರುವುದಿಲ್ಲ. ಸೆಕೆಯಲ್ಲಿ ಇಟ್ಟರೆ ತಾನಾಗಿ ಅಂಟಾಗಿ, ಆಮೇಲೆ ಪುಡಿಯಾಗುತ್ತದೆ. ಅದರ ಮೇಲಿನ ಪದರದಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಓಟ ಮುಗಿದ ರೀಲನ್ನು ಬೆಳ್ಳಿಗಾಗಿ ಕರಗಿಸಿದವರೂ ಇದ್ದಾರೆ. ಟಾಕಿ ಬಂದ ಮೇಲೆ ಹಳೆಯ ಮೂಕಿಯನ್ನು ಯಾರು ಕೇಳುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಸುಲೋಚನಾ ಹುಟ್ಟಿದ ಪುಣೆಯಲ್ಲೇ. ಆ ಹೊತ್ತಿಗೆ ಬಹುಪಾಲು ಹೋಗಿಬಿಟ್ಟಿತ್ತು.

ಅವರನ್ನು ನೋಡಬೇಕೆಂದರೆ ಸುಲಭವಾಗಿ ಸಿಗುವುದು 1953ರ 'ಅನಾರ್ಕಲಿ'. ಲತಾ ಮಂಗೇಶ್ಕರ್ ಹಾಡುಗಳಿಗಾಗಿ ನೀವು ಈಗಾಗಲೇ ನೋಡಿರಬಹುದು. ನಿರ್ದೇಶಕ ನಂದಲಾಲ್ ಜಸ್ವಂತಲಾಲ್, 'ಇಂದಿರಾ ಎಂ.ಎ.' ತೆಗೆದವರೇ. ಮುಂದಿನ ಸಲ ನೋಡುವಾಗ ಬೀನಾ ರಾಯ್ ಪಕ್ಕಕ್ಕಿರಲಿ, ಜೋಧಾಬಾಯಿ ತೆರೆಗೆ ಬಂದಾಗ ಸ್ವಲ್ಪ ಆ ಕಡೆ ನೋಡಿ. ಮಗ ಪ್ರೀತಿಸಿದ ಹುಡುಗಿ ಯಾರು ಅಂತ ಆ ತಾಯಿಗೆ ಇಪ್ಪತ್ತೈದು ವರ್ಷದಿಂದ ಗೊತ್ತು.